ಮಸ್ಸೊಪ್ಪಿಗೆ ಹೋದ ಕುಡಿ

ಕುಂಬಳದ ಬಳ್ಳಿಯ ತುದಿ ಚಿವುಟಿದವರು ಆ ಮನೆಯ ಅಜ್ಜಿ. ಅದು ಅದೇ ಮಧ್ಯಾಹ್ನ ಮಸ್ಸೊಪ್ಪಾಗಿ ರಾಗಿಮುದ್ದೆಯ ಜೊತೆ ನನ್ನ ತಟ್ಟೆಗೇ ಬಂತು. ರುಚಿಯಾಗಿದೆ ಎಂದು ಇನ್ನೊಂದು ಸೌಟು ಹಾಕಿಸಿಕೊಂಡೆ. ಕೈ ತೊಳೆದು ಹೊಲಕ್ಕೆ ಹೋದರೆ, ಹಿಂದಿನ ದಿನದವರೆಗೆ ಹಾವಿನ ಹೆಡೆಯ ಹಾಗೆ ನೆಲದಿಂದ ಎದ್ದು ನಿಂತಿದ್ದ ಬಳ್ಳಿಯ ತಲೆ ಇರಲಿಲ್ಲ. ಚಿವುಟಿದ ಜಾಗದಲ್ಲಿ ನೀರು ಒಸರುತ್ತಿತ್ತು.

ನನ್ನ ಹಿಂದೆಯೇ ಬಂದ ಹೊಲದ ಯಜಮಾನಿ ಕುಕ್ಕರಗಾಲಲ್ಲಿ ಕೂತು ಆ ಮೊಂಡು ತುದಿಯನ್ನು ನೋಡಿದರು. ಅಜ್ಜಿ ಬದುವಿನ ಮೇಲೆ ನಿಂತಿದ್ದರು.

"ಅದ್ಯಾಕ್ ಅಂಗೆ ಸತ್ತೋರ್ ಎಣ ನೋಡ್ದಂಗೆ ಕುಂತವ್ಳೆ? ಕುಡಿ ಚಿವುಟುದ್ರೆ ತಾನೆ ಬಳ್ಳಿ ಕವಲೊಡೆಯಾದು?"

"ಅತ್ತೆ, ಈ ಬಳ್ಳಿ ಮುಟ್‌ಬ್ಯಾಡಿ ಅಂತ ಸಾಮಿ ಏಳಿದ್ರಲ್ಲ."

"ಮುಟ್‌ಬ್ಯಾಡಿ ಅಂದ್ರು. ಸಾರಿಗಾಕ್‌ಬ್ಯಾಡಿ ಅಂದ್ರಾ?"

ಅಜ್ಜಿಯ ಮಾತಿನಲ್ಲಿ ತಪ್ಪಿರಲಿಲ್ಲ. ಆ ಕಡೆ ಕುಂಬಳದ ಬಳ್ಳಿ ಮಾರುದ್ದ ಹಬ್ಬಿದರೆ ಸಾಕು, ತುದಿ ಚಿವುಟಿ ಸಾರಿಗೆ ಹಾಕುತ್ತಾರೆ. ಬಳ್ಳಿ ಕವಲೊಡೆದು ಮನೆತುಂಬ ಕಾಯಿ ಕೊಡುತ್ತದೆ. ಅವರ ಅತ್ತೆ ಹಾಗೆ ಮಾಡಿದ್ದರು, ಅವರೂ ಮಾಡಿದರು. ನಮಗೆ ಬೇಕಾಗಿದ್ದದ್ದು ಮನೆತುಂಬ ಕಾಯಲ್ಲ, ಒಂದೇ ಕಾಯಿ. ಅದರ ಮೇಲೆ ಯಜಮಾನಿಯ ಹೊಲ ನಿಂತಿತ್ತು.

ಆಗ ನಾನು ಹುಣಸೂರಿನ ವ್ಯವಸಾಯ ಡಿಪೋದಲ್ಲಿ ಫೀಲ್ಡ್‌ಮನ್ ಆಗಿದ್ದೆ. ಹನಗೋಡಿನ ದಾರಿಯ ಊರುಗಳಿಗೆ ಸೈಕಲ್ಲಿನಲ್ಲಿ ಹೋಗಿ ಬೀಜ, ಹಿಂಡಿ ಗೊಬ್ಬರ, ಕಬ್ಬಿಣದ ನೇಗಿಲುಗಳ ವಿಷಯ ಹೇಳುವುದು ನನ್ನ ಕೆಲಸ. ಈ ಊರಿನಲ್ಲಿ ನನ್ನನ್ನು ಗೊಬ್ಬರದ ಸಾಮಿ ಎನ್ನುತ್ತಿದ್ದರು. ಬೇಸಗೆಯ ಕೊನೆಯಲ್ಲಿ ಒಂದು ದಿನ ಅರಳಿಕಟ್ಟೆಯ ಪಕ್ಕದಲ್ಲಿ ನೇಗಿಲು ಜೋಡಿಸಿ ತೋರಿಸುತ್ತಿದ್ದೆ. ಕಟ್ಟೆಯ ಮೇಲೆ ಪಟೇಲರು ನಾಲ್ಕು ಜನರೊಂದಿಗೆ ಒಂದು ನ್ಯಾಯಕ್ಕೆ ಕೂತಿದ್ದರು. ಗಂಡ ತೀರಿಕೊಂಡ ಈ ಯಜಮಾನಿ, ಗಂಡನ ಪಾಲಿನ ಹೊಲವನ್ನು ತಾನೇ ಆಳು ಹಿಡಿದು ಮಾಡಿಸುತ್ತೇನೆ ಎನ್ನುತ್ತಿದ್ದರು. ಬದುವಿನಾಚೆಯ ಹೊಲ ಮೈದುನನದು. ಎರಡನ್ನೂ ಸೇರಿಸಿ ಉಳುತ್ತೇನೆ, ಅತ್ತಿಗೆಗೆ ವರ್ಷಕ್ಕೆ ಉಣ್ಣುವಷ್ಟು ರಾಗಿ ಅಳೆದು ಕೊಡುತ್ತೇನೆ ಎಂಬುದು ಅವನ ಮಾತು. ಅವನು ಕೆಟ್ಟವನಾಗಿ ನನಗೆ ಕಾಣಲಿಲ್ಲ. ಮಾತು ಮಾತ್ರ ಒರಟು.

"ಗಂಡಸಿಲ್ದಿರೋ ಹೊಲ್ದಲ್ಲಿ ಬಳ್ಳಿ ಅಬ್ತದೆ, ಕಾಯಿ ನಿಲ್ಲಕಿಲ್ಲ" ಎಂದ. ಕಟ್ಟೆಯ ಮೇಲಿದ್ದವರು ನಕ್ಕರು.

"ನಿಂತ್ರೆ?" ಎಂದರು ಯಜಮಾನಿ.

"ಏನು ನಿಂತ್ರೆ?"

"ಕಾಯಿ ನಿಂತ್ರೆ. ನೀನು ಎತ್ತಕಾಗ್ದೆ ಇರೋ ಅಂತ ಕಾಯಿ ನಿಲ್ಲಿಸ್ತೀನಿ ಕಣಪ್ಪ. ಆಗ ಹೊಲದ ಮಾತು ಬುಡ್ತೀಯಾ?"

ಕಟ್ಟೆಯ ಬುಡದಲ್ಲಿ ಒಂದು ಉರುಟು ಕರಿಕಲ್ಲು ಬಿದ್ದಿತ್ತು. ಅದಕ್ಕೆ ಗುಂಡು ಎನ್ನುತ್ತಾರೆ, ಹುಡುಗರು ಮೀಸೆ ಬಂದಾಗ ಅದನ್ನು ಎತ್ತಿ ನೋಡುತ್ತಾರೆ. ಊರಿನಲ್ಲಿ ಅದನ್ನು ಎದೆಮಟ್ಟಕ್ಕೆ ತರಬಲ್ಲವನು ಈ ಮೈದುನ ಒಬ್ಬನೇ. ಆದ್ದರಿಂದ ಈ ಸಲದ ನಗು ಇನ್ನೂ ಜೋರಾಯಿತು. ಪಟೇಲರೂ ನಗುತ್ತಲೇ, "ಆಗ್ಲಿ. ಉತ್ರೆ ಮಳೆ ಒಳಗೆ ಕಾಯಿ ತೋರಿಸ್ಬೇಕು. ಎದೆಮಟ್ಟ ಎತ್ತುದ್ರೆ ಹೊಲ ಅವುನ್ದು, ಎತ್ತದಿದ್ರೆ ಈಯಮ್ಮುನ್ದು" ಎಂದು ಇಬ್ಬರಿಗೂ ಒಂದೊಂದು ವೀಳ್ಯ ಚಾಚಿದರು. ಯಜಮಾನಿ ಕೈ ನೀಡಿ ತೆಗೆದುಕೊಂಡರು. ಅವನೂ ತೆಗೆದುಕೊಳ್ಳಬೇಕಾಯಿತು. ಪಟೇಲರ ಕೈಯ ವೀಳ್ಯ ಹಿಡಿದ ಮೇಲೆ ಅದು ತಮಾಷೆಯಾಗಿ ಉಳಿಯುವುದಿಲ್ಲ.

ಡಿಪೋದಲ್ಲಿ ಭಾರಿ ಗಾತ್ರದ ಕಾಯಿ ಬಿಡುವ ಸೀಮೆ ಕುಂಬಳದ ಬೀಜ ಬಂದಿದೆ ಎಂದು ನಾನೇ ಆ ಊರಿನಲ್ಲಿ ಹೇಳಿದ್ದೆ. ಅಂಥ ಕಾಯನ್ನು ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ನೋಡಿದ್ದೆ, ಬೆಳೆದಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಬೀಜದ ಜೊತೆ ಬಂದ ಒಂದು ಅಚ್ಚಿನ ಹಾಳೆ ಮತ್ತು ನಾಟಿ ಕುಂಬಳದ ಅನುಭವ. ಇದನ್ನು ಯಜಮಾನಿಗೆ ಮೊದಲೇ ಹೇಳಿದೆ. "ನಂಗೂ ಗೊತ್ತಿಲ್ಲ, ನಿಮ್ಗೂ ಗೊತ್ತಿಲ್ಲ. ಸರಿಯಾಯ್ತು ಬುಡಿ" ಎಂದರು.

ಭರಣಿ ಮಳೆ ಬಿದ್ದ ಮೇಲೆ ಬಾವಿಯ ಪಕ್ಕದಲ್ಲಿ ಸೊಂಟದಾಳ ಗುಂಡಿ ತೆಗೆಸಿ, ಕುರಿಗೊಬ್ಬರ, ಕೆರೆಗೋಡು, ಒಲೆಬೂದಿ ತುಂಬಿ ಬೀಜ ಇಟ್ಟೆವು. ಬಂದ ಸಸಿಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ಕಿತ್ತೆವು. ಕ್ರಮ ಇಷ್ಟು: ತಾಯಿಬಳ್ಳಿ ಒಂದೇ ದಿಕ್ಕಿಗೆ ನೇರವಾಗಿ ಹೋಗಬೇಕು. ಅದರಿಂದ ಎಡಬಲಕ್ಕೆ ಹೊರಡುವ ಕವಲುಗಳನ್ನು ಮೀನಿನ ಮುಳ್ಳಿನ ಹಾಗೆ ಬಿಡಿಸಿ ಹಾಸಬೇಕು. ಕವಲಿನಿಂದ ಹೊರಡುವ ಮರಿಕುಡಿಗಳನ್ನು ಎಲೆಯ ಸಂದಿಯಲ್ಲೇ ಚಿವುಟಬೇಕು. ಪ್ರತಿ ಗೆಣ್ಣಿನ ಮೇಲೂ ಹಿಡಿ ಮಣ್ಣು ಮುಚ್ಚಿದರೆ ಅಲ್ಲಿಯೂ ಬೇರು ಇಳಿದು, ಗಿಡಕ್ಕೆ ಹತ್ತು ಕಡೆಯಿಂದ ಆಹಾರ ಸಿಗುತ್ತದೆ. ಇದೆಲ್ಲದರ ಬೆನ್ನೆಲುಬು ತಾಯಿಬಳ್ಳಿಯ ತುದಿ. ಮೃಗಶಿರಾ ಮಳೆಯಲ್ಲಿ ಆ ತುದಿಯೇ ಮಸ್ಸೊಪ್ಪಾಯಿತು.

ಅಜ್ಜಿ ಬೇಕೆಂದೇ ಚಿವುಟಿದರು ಎಂದು ಊರಿನಲ್ಲಿ ಮಾತಾಯಿತು. ಹಿರಿಮಗ ಸತ್ತ ಮೇಲೂ ಅವರು ಹಿರಿಸೊಸೆಯ ಜೊತೆಗೇ ಇದ್ದರು, ಆದರೆ ಪಂದ್ಯದ ಎದುರಾಳಿ ಅವರ ಕಿರಿಮಗ. ಮಾತು ನನ್ನ ಕಿವಿಗೂ ಬಿತ್ತು. ಅದಕ್ಕೆ ಸಾಕ್ಷಿ ಏನೂ ಇರಲಿಲ್ಲ. ಇಲ್ಲ ಎನ್ನುವುದಕ್ಕೂ ಇರಲಿಲ್ಲ.

ಹಾಳೆಯಲ್ಲಿ ತುದಿ ಹೋದ ಬಳ್ಳಿಯ ವಿಷಯ ಬರೆದಿರಲಿಲ್ಲ. ಮೊಂಡು ತುದಿಗೆ ಹತ್ತಿರವಾಗಿ ಬಲಗಡೆ ಹೊರಟಿದ್ದ ಒಂದು ಕವಲು ದಪ್ಪವಾಗಿತ್ತು. ಅದನ್ನೇ ತಾಯಿಬಳ್ಳಿ ಮಾಡೋಣ, ಅಡ್ಡ ಹೋಗುತ್ತಿರುವುದನ್ನು ಬಗ್ಗಿಸಿ ನೇರಕ್ಕೆ ತರೋಣ ಎಂದೆ. ಬಗ್ಗಿಸುವುದಕ್ಕೆ ಬಿಸಿಲು ಬೇಕು. ಬೆಳಿಗ್ಗೆ ಬಳ್ಳಿ ನೀರು ಕುಡಿದು ಬಿರುಸಾಗಿರುತ್ತದೆ, ಎಳೆದರೆ ಸೌತೆಕಾಯಿಯ ಹಾಗೆ ಲಟಕ್ಕೆಂದು ಮುರಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಸೊರಗಿದಾಗ ಮಾತ್ರ ಮಾತು ಕೇಳುತ್ತದೆ. ಆ ವಾರ ಬಿಸಿಲೇ ಬರಲಿಲ್ಲ. ಮೋಡ, ಸೋನೆ, ಮತ್ತೆ ಮೋಡ. ಕವಲು ದಿನಕ್ಕೆ ಗೇಣುದ್ದ ತಪ್ಪು ದಿಕ್ಕಿಗೆ ಓಡುತ್ತಿತ್ತು. ನನಗೆ ಬೇರೆ ಊರುಗಳ ಕೆಲಸವಿತ್ತು. ಆದರೂ ಯಾವ ದಾರಿ ಹಿಡಿದರೂ ಸೈಕಲ್ಲು ಆ ಹೊಲಕ್ಕೇ ತಿರುಗುತ್ತಿತ್ತು. ಹೋದರೆ ಯಜಮಾನಿ ಆಗಲೇ ಬದುವಿನ ಮೇಲೆ ನಿಂತು ಆಕಾಶ ನೋಡುತ್ತಿರುತ್ತಿದ್ದರು.

ಒಂದು ಮಧ್ಯಾಹ್ನ ಮೋಡ ಹರಿಯಿತು. ಕವೆಕಡ್ಡಿಗಳನ್ನು ನೆಟ್ಟು, ಬೆರಳಗಲ ಬೆರಳಗಲವಾಗಿ ಕವಲನ್ನು ತಿರುಗಿಸಿದೆವು. ಒಂದೇ ದಿನಕ್ಕೆ ಆಗಲಿಲ್ಲ. ಬಿಸಿಲು ಕಂಡಾಗಲೆಲ್ಲ ಕಡ್ಡಿ ಕಿತ್ತು ಮುಂದಕ್ಕೆ ನೆಡುತ್ತ ಹೋದೆವು. ಆರಿದ್ರಾ ಹುಟ್ಟುವ ಹೊತ್ತಿಗೆ ಅದು ಮೊಣಕೈ ಮಡಿಸಿದ ಹಾಗೆ ಬಳುಕಿ ನೇರವಾಯಿತು. ಯಜಮಾನಿ ಅದರ ತುದಿಗೆ ಕೆಂಪು ದಾರ ಕಟ್ಟಿ ಅತ್ತೆಯನ್ನು ಕರೆದರು.

"ಅತ್ತೆ, ಕೆಂಪು ದಾರ ಇರೋದ್ನ ಬುಟ್ಬುಡಿ. ಕವಲಿನ್ ಮೇಗಳ ಮರಿಕುಡಿಯೆಲ್ಲ ನಿಮ್ದು. ದಿನಾ ಚಿವುಟಿ."

"ದಿನಾನೂ ಮಸ್ಸೊಪ್ಪಾ?"

"ದಿನಾನೂ."

ಹಾಗೆ ಕತ್ತರಿಸುವ ಕೆಲಸ ಅಜ್ಜಿಗೆ ಹೋಯಿತು. ಅವರಷ್ಟು ಚೊಕ್ಕಟವಾಗಿ ನನಗೂ ಬರುತ್ತಿರಲಿಲ್ಲ. ನಾನು ಚಾಕು ಹಿಡಿದರೆ ಎಲೆಯ ಬುಡಕ್ಕೂ ತಾಗುತ್ತಿತ್ತು, ಅವರ ಉಗುರಿಗೆ ಕುಡಿ ಮಾತ್ರ ಬರುತ್ತಿತ್ತು. ಮಿಕ್ಕ ಸೊಪ್ಪು ಅಕ್ಕಪಕ್ಕದ ಮನೆಗಳಿಗೆ ಹೋಯಿತು. ಆ ಮಳೆಗಾಲದಲ್ಲಿ ಆ ಕೇರಿಯ ಜನ ಕುಂಬಳದ ಸೊಪ್ಪು ಎಂದರೆ ಮುಖ ತಿರುಗಿಸುವಷ್ಟು ತಿಂದರು.

ಹೊಸ ತಾಯಿಬಳ್ಳಿಯಲ್ಲಿ, ಬುಡದಿಂದ ಸಾಕಷ್ಟು ದೂರದಲ್ಲಿ, ಒಂದು ಹೆಣ್ಣು ಹೂ ಬಿಡುವುದರಲ್ಲಿತ್ತು. ಹೆಣ್ಣು ಹೂವಿನ ಕೆಳಗೆ ಗೋಲಿಯಷ್ಟು ಪಿಂದೆ ಮೊದಲೇ ಇರುತ್ತದೆ. ಮಳೆಯಲ್ಲಿ ಜೇನು ಬರುವುದಿಲ್ಲ, ನೀರು ಬಿದ್ದರೆ ಪಿಂದೆ ಕೊಳೆಯುತ್ತದೆ. ಹಿಂದಿನ ಸಂಜೆಯೇ ಹೂವಿನ ಬಾಯನ್ನು ಬಾಳೆನಾರಿನಿಂದ ಕಟ್ಟಿ, ಮೇಲೆ ಮುತ್ತುಗದ ದೊನ್ನೆ ಕವುಚಿದೆವು. ಬೆಳಿಗ್ಗೆ ಗಂಡು ಹೂವಿನ ಎಸಳು ಕಿತ್ತು, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಸವರಿ ಮತ್ತೆ ಕಟ್ಟಿದೆ. ಅಜ್ಜಿ ಪಕ್ಕದಲ್ಲೇ ನಿಂತಿದ್ದರು.

"ಮದ್ವೆ ಮಾಡುಸ್ದಂಗಾಯ್ತು. ಓಲಗ ಯಾಕ್ ಕರೆಸ್ನಿಲ್ಲ ಸಾಮಿ?"

ಪಿಂದೆ ನಿಂತಿತು. ಆದರೆ ನಾವು ಕೈ ಹಾಕದೆ ಇನ್ನೊಂದು ಕಾಯಿ ಆಗಲೇ ನಿಂತಿತ್ತು. ಹಳೆಯ ಮೊಂಡು ಬಳ್ಳಿಯಲ್ಲಿ, ಬುಡದ ಹತ್ತಿರ, ತಾನಾಗಿ ಕಟ್ಟಿ, ನೀರಿನ ಬಿಂದಿಗೆಯಷ್ಟು ದೊಡ್ಡದಾಗಿತ್ತು. ಅದರ ಮುಂದೆ ನಮ್ಮದು ತೆಂಗಿನಕಾಯಿಯಷ್ಟಿತ್ತು. ಒಂದು ಗಿಡ ಎರಡು ಕಾಯಿಗೆ ಉಣಿಸಿದರೆ ಎರಡೂ ಸಾಧಾರಣವಾಗುತ್ತವೆ. ಒಂದನ್ನು ಕತ್ತರಿಸಬೇಕಿತ್ತು.

ಯಾವುದನ್ನು ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಬುಡದ ಕಾಯಿಯ ತೊಟ್ಟು ಬಳ್ಳಿಗೆ ಅಂಟಿಕೊಂಡ ಹಾಗೆ ಚೂಪಾಗಿ ಮಡಿಚಿಕೊಂಡಿತ್ತು. ಕಾಯಿ ಉಬ್ಬಿದಂತೆ ಅದರ ಭುಜವೇ ಬಳ್ಳಿಯನ್ನು ತಳ್ಳಿ ತೊಟ್ಟು ಕೀಳುತ್ತದೆ. ಅದರ ಹಿಂದೆ ಬುಡ ಬಿಟ್ಟರೆ ಬಳ್ಳಿಯೂ ಇಲ್ಲ, ಎಲೆಯೂ ಇಲ್ಲ. ದೂರದ ಕಾಯಿಯ ಹಿಂದೆ ಮುಂದೆ ಎಲ್ಲ ಕವಲುಗಳೂ ಇದ್ದವು. ದೊಡ್ಡದನ್ನು ತೆಗೆಯಿರಿ ಎಂದೆ. ಯಜಮಾನಿ ಕೇಳಿಸಿಕೊಂಡರು. ಮರುದಿನ ಹೋದರೆ ಎರಡೂ ಹಾಗೇ ಇದ್ದವು. ಅದರ ಮರುದಿನವೂ.

"ಈಗಲೇ ಆಗಬೇಕಮ್ಮ. ತಡವಾದಷ್ಟೂ ಅದು ಉಣ್ಣುತ್ತೆ" ಎಂದೆ.

"ನಿಮ್ಗೆ ಕಾಯಿ ಸಾಮಿ, ನಂಗೆ ಹೊಲ. ಚಿಕ್ಕದು ಕೊಳ್ತೋದ್ರೆ?"

"ಕೊಳೆಯಬಹುದು. ಇಲ್ಲ ಅಂತ ನಾನು ಬರೆದುಕೊಡೋಕಾಗೋದಿಲ್ಲ."

ಅವರು ಬುಡದ ಕಾಯಿಯ ಹತ್ತಿರ ಹೋಗಿ, ಅದನ್ನು ಎರಡು ಕೈಯಲ್ಲೂ ಹಿಡಿದು ಸ್ವಲ್ಪವೇ ಹೊರಳಿಸಲು ನೋಡಿದರು. ತೊಟ್ಟಿನ ಬುಡದಲ್ಲಿ ಕೂದಲೆಳೆಯ ಬಿರುಕು ಆಗಲೇ ಕಂಡಿತು. ಬೆರಳಿಂದ ಮುಟ್ಟಿ ನೋಡಿ, ಸೆರಗು ಸಿಕ್ಕಿಸಿಕೊಂಡು, ಕುಡುಗೋಲಿನಿಂದ ಒಂದೇ ಎಳೆತಕ್ಕೆ ಕತ್ತರಿಸಿದರು. ಆಮೇಲೆ ಕಾಯನ್ನು ಸೊಂಟದ ಮೇಲಿಟ್ಟುಕೊಂಡು, ಬದು ದಾಟಿ, ಮೈದುನನ ಮನೆಯ ಜಗುಲಿಯ ಮೇಲಿಟ್ಟು ಬಂದರು. ಯಾಕೆಂದು ನಾನು ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಪಂದ್ಯದ ಕಾಯಿ ಕಿತ್ತಾಯಿತಂತೆ ಎಂದು ಊರೆಲ್ಲ ಸುದ್ದಿ. ಮರುದಿನ ಮೈದುನ ಬದುವಿನ ಮೇಲೆ ಬಂದು ನಿಂತ.

"ಅತ್ಗೆ, ಪಂದ್ಯದ್ ಕಾಯಿ ಹುಳಿ ಮಾಡ್ಕಂಡು ಉಂಡ್ವಿ. ಒಂಚೂರು ಉಪ್ಪು ಕಮ್ಮಿ ಕಣ್ರೀ."

"ಉಪ್ಪು ನಿನ್ ಹೆಂಡ್ರು ಹಾಕೋದು. ಕಾಯಿ ಒಂದೇ ನಾನ್ ಕೊಟ್ಟಿದ್ದು" ಎಂದರು ಯಜಮಾನಿ, ಮಣ್ಣು ಮುಚ್ಚುತ್ತಲೇ.

ಅವನು ನನ್ನ ಕಡೆ ತಿರುಗಿದ. "ಸಾಮಿ, ನೀವು ಸರ್ಕಾರದೋರು. ಒಂದ್ ಕಡೀಕೆ ಸೇರ್ಕಬಹುದಾ?"

"ನಿಮ್ಮ ಹೊಲದಲ್ಲಿ ಬಳ್ಳಿ ಹಾಕಿ, ಅಲ್ಲಿಗೂ ಬರ್ತೀನಿ."

"ನಮ್ಗೆಲ್ಲಿ ಪುರಸೊತ್ತು, ನಾವು ಗಂಡಸರು" ಎಂದು ನಗುತ್ತ ಹೋದ. ಹೋಗುವಾಗ ದೂರದ ಕಾಯನ್ನು ಒಮ್ಮೆ ನೋಡಿದ್ದನ್ನು ಗಮನಿಸಿದೆ.

ಪುನರ್ವಸು ಇಡೀ ಸುರಿಯಿತು. ಬಳ್ಳಿಯ ಸಾಲುಗಳ ನಡುವೆ ಕಾಲುವೆ ತೋಡಿ ನೀರು ಹೊರಗೆ ಬಿಟ್ಟೆವು. ಕಾಯಿಯ ಅಡಿಗೆ ಮರಳು, ಅದರ ಮೇಲೆ ಹುಲ್ಲು, ಮೇಲುಗಡೆ ಸೋಗೆಯ ಚಪ್ಪರ. ಮೊದಲು ಕಾಯಿ ಬೆಳೆಯುವುದು ಕಣ್ಣಿಗೇ ಕಾಣುತ್ತಿತ್ತು. ಯಜಮಾನಿ ಹಿಂದಿನ ದಿನದ ಅಳತೆಗೆ ಕತ್ತರಿಸಿದ ದಾರ ಸುತ್ತಿ ನೋಡುತ್ತಿದ್ದರು, ಪ್ರತಿ ಸಲ ದಾರ ಸಾಲದೆ ಬರುತ್ತಿತ್ತು. ಪುಷ್ಯದಲ್ಲಿ ಒಂದು ದಿನ ದಾರ ಸಾಕಾಯಿತು. ಮರುದಿನವೂ ಸಾಕಾಯಿತು. ಕಾಯಿ ಬೆಳೆಯುವುದು ನಿಂತುಬಿಟ್ಟಿತ್ತು.

ಎಲೆ ಹಸಿರಾಗಿತ್ತು, ಬೇರು ಕೊಳೆತಿರಲಿಲ್ಲ. ಬಗ್ಗಿ, ಕೆನ್ನೆ ನೆಲಕ್ಕೆ ತಾಗುವ ಹಾಗೆ ಮಲಗಿ ನೋಡಿದಾಗ ಕಾರಣ ಕಂಡಿತು. ಕಾಯಿ ಮೇಲಕ್ಕೂ ಬೆಳೆದು ತೊಟ್ಟನ್ನು ಎತ್ತುತ್ತಿತ್ತು. ಆದರೆ ಅದರ ಎರಡೂ ಪಕ್ಕದ ಗೆಣ್ಣುಗಳಿಗೆ ನಾವೇ ಮಣ್ಣು ಮುಚ್ಚಿ ಬೇರು ಇಳಿಸಿದ್ದೆವು. ಬೇರುಗಳು ಬಳ್ಳಿಯನ್ನು ನೆಲಕ್ಕೆ ಕಟ್ಟಿ ಹಿಡಿದಿದ್ದವು. ನಡುವೆ ತೊಟ್ಟು ಬಿಲ್ಲಿನ ಹಾಗೆ ಸೆಟೆದಿತ್ತು. ಬೇರು ಬಿಡಿಸದಿದ್ದರೆ ತೊಟ್ಟು ಹರಿಯುತ್ತದೆ. ಬಿಡಿಸುವಾಗ ಬಳ್ಳಿ ಮುರಿದರೆ ಅಂದಿಗೇ ಎಲ್ಲ ಮುಗಿಯುತ್ತದೆ. ಹಾಳೆಯಲ್ಲಿ ಇದರ ಸುದ್ದಿಯೂ ಇರಲಿಲ್ಲ.

ಬಿಸಿಲೇರುವವರೆಗೆ ಕಾದು, ನಾನು ಬಳ್ಳಿಯನ್ನು ಎರಡು ಕೈಯಲ್ಲಿ ಹಿಡಿದೆ. ಯಜಮಾನಿ ಕೆಳಗಿನಿಂದ ಬೆರಳು ತೂರಿಸಿ ಬೇರನ್ನು ಒಂದೊಂದಾಗಿ ಚಾಕುವಿನಿಂದ ಕುಯ್ದರು. ಅಜ್ಜಿ ಹುಲ್ಲಿನ ಸಿಂಬೆ ಹಿಡಿದು ಕಾದಿದ್ದರು. ಬಳ್ಳಿ ಮೇಲೆದ್ದಷ್ಟೂ ಅಜ್ಜಿ ಸಿಂಬೆಯನ್ನು ಒಳಗೆ ತಳ್ಳಬೇಕು. ಕೊನೆಯ ಬೇರು ಕುಯ್ದಾಗ ಚಟ್ ಎಂದಿತು.

"ಬೇರಾ, ಬಳ್ಳಿಯಾ?" ಎಂದರು ಅಜ್ಜಿ.

ಬಳ್ಳಿ. ಒಂದು ಪಕ್ಕ ಉದ್ದಕ್ಕೆ ಸೀಳಿ ನೀರು ಸುರಿಯುತ್ತಿತ್ತು. ಅರ್ಧ ಗಟ್ಟಿಯಿತ್ತು. ಅಜ್ಜಿ ಮಡಿಲಿನ ಎಲೆಯಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿ ತೆಗೆದು ಸೀಳಿಗೆ ಬಳಿದರು. "ಕೊಳೀದಂಗೆ ಇರ್ತದೆ" ಎಂದರು. ಇದರಿಂದ ಗುಣವಾಯಿತು ಎಂದು ನಾನು ಹೇಳಲಾರೆ, ಸೀಳು ಒಣಗಿತು ಎಂದಷ್ಟೇ ಹೇಳಬಲ್ಲೆ. ಒಣಗುವವರೆಗಿನ ದಿನಗಳಲ್ಲಿ ಪಿರಿಯಾಪಟ್ಟಣದ ಕಡೆ ಹೋಗಬೇಕಾದವನು ಎರಡು ಸಲ ಅರ್ಧ ದಾರಿಯಿಂದ ಹಿಂತಿರುಗಿದೆ. ಒಂದು ಸಂಜೆ ಯಜಮಾನಿ ಬದುವಿನಿಂದಲೇ ಕೂಗಿದರು: "ಸಾಮೀ, ದಾರ ಸಾಲ್ದು!"

ಆಶ್ಲೇಷ, ಮಘೆಗಳಲ್ಲಿ ತಾಯಿಬಳ್ಳಿಯ ತುದಿಯನ್ನು ಬೇಕೆಂದೇ ಚಿವುಟಿದೆವು, ಈಗ ಬಳ್ಳಿ ಹಬ್ಬುವುದು ಬೇಕಿರಲಿಲ್ಲ. ತುದಿಯ ಕೆಂಪು ದಾರ ಬಿಚ್ಚಿ ಚಿವುಟುವ ಕೆಲಸವನ್ನು ಅಜ್ಜಿಗೇ ಬಿಟ್ಟರು ಯಜಮಾನಿ. ಕವಲುಗಳ ತುದಿಯನ್ನೂ ನಿಲ್ಲಿಸಿದೆವು. ಆಮೇಲೆ ಬೆಳೆದದ್ದು ಕಾಯಿ ಒಂದೇ.

ಉತ್ತರೆಯಲ್ಲಿ ಪಟೇಲರು, ಅವರ ಜೊತೆಯ ನಾಲ್ಕು ಜನ, ಅವರ ಹಿಂದೆ ಊರು, ಎಲ್ಲರೂ ಹೊಲಕ್ಕೆ ಬಂದರು. ಕಾಯಿ ಚಪ್ಪರದ ಕೆಳಗೆ ಮಲಗಿದ ಎಮ್ಮೆಕರುವಿನ ಹಾಗಿತ್ತು. ಯಜಮಾನಿ ತೊಟ್ಟು ಕೊಯ್ದು ದೂರ ಸರಿದು ನಿಂತರು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದರು.

ಮೈದುನ ಅಂಗಿ ಬಿಚ್ಚಿ, ಅಂಗೈಗೆ ಮಣ್ಣು ಉಜ್ಜಿಕೊಂಡ. ಮೊದಲ ಸಲ ಕೈ ಜಾರಿತು. ಎರಡನೆಯ ಸಲ ಮಂಡಿ ಊರಿ, ಕಾಯನ್ನು ಓರೆ ಮಾಡಿ ಕೆಳಗೆ ಕೈ ತೂರಿಸಿದ. ತೊಡೆಯ ಮೇಲೆ ತಂದ. ಅಲ್ಲಿ ಬಹಳ ಹೊತ್ತು ಹಾಗೇ ಇದ್ದ. ಕತ್ತಿನ ನರ ಹುರಿಯಾದವು. ಆಮೇಲೆ ಒಂದು ಕೂಗು ಹಾಕಿ ಎದ್ದು ನಿಂತ. ಕಾಯಿ ಎದೆಗೆ ಬಂದಿತ್ತು. ಸಂದೇಹಕ್ಕೆ ಎಡೆಯಿರಲಿಲ್ಲ, ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಪಂದ್ಯದ ಮಾತಿನ ಪ್ರಕಾರ ಯಜಮಾನಿ ಸೋತಿದ್ದರು.

ಜನ ಕೂಗಿದರು. ಅವನು ಮಾತ್ರ ಅಲ್ಲಾಡಲಿಲ್ಲ. ಗುಂಡನ್ನಾದರೆ ಎತ್ತಿದವನು ಹೆಗಲ ಮೇಲಿಂದ ಹಿಂದಕ್ಕೆ ಎಸೆದು ಪಕ್ಕಕ್ಕೆ ಸರಿಯುತ್ತಾನೆ, ಇಳಿಸುವ ಅಭ್ಯಾಸ ಯಾರಿಗೂ ಇಲ್ಲ. ಅವನ ತೋಳು ನಡುಗತೊಡಗಿದವು.

"ಲೇ! ಬಿಸಾಕ್ಬುಟ್ಟೀಯ!" ಅಜ್ಜಿ ಗುಂಪು ಸೀಳಿಕೊಂಡು ಬಂದರು. "ಅದ್ನ ಒಡೆದ್ಯೋ, ನನ್ ಹೊಟ್ಟೇಲಿ ಹುಟ್ಟಿದ್ದೇ ಸುಳ್ಳು ಕಣ್ಲಾ!"

"ಬಿಸಾಕಲ್ಲ ಕಣವ್ವ" ಎಂದ ಅವನು ಹಲ್ಲು ಕಚ್ಚಿ. ಬಿಸಾಕಬಹುದಿತ್ತು. ಕಣ್ಣು ತಿರುಗಿಸಿ ಹುಡುಕಿದ. "ಅತ್ಗೆ. ಬನ್ನಿ, ಇಡ್ಕಳಿ. ಆಯ್ತಾಯಿಲ್ಲ."

ಯಜಮಾನಿ ಓಡಿಬಂದು ಕಾಯಿಯ ಕೆಳಗೆ ಹೆಗಲು ಕೊಟ್ಟರು. "ಮೆಲ್ಲಕೆ. ಎಡಗಡೆ ನನ್ಗೆ ಬುಡು. ಮಂಡಿ ಬಗ್ಗುಸು. ತೊಟ್ಟು ಮೇಲಿರ್ಲಿ" ಎನ್ನುತ್ತ ಅವನನ್ನೂ ಕಾಯನ್ನೂ ಒಟ್ಟಿಗೆ ಹುಲ್ಲಿನ ಮೇಲೆ ಇಳಿಸಿದರು. ಅವನು ಹೇಳಿದ್ದಕ್ಕೆ ಹೇಳಿದಂತೆ ಮಾಡಿದ. ಕಾಯಿಗೆ ಒಂದು ಗೀರೂ ಆಗಲಿಲ್ಲ.

ಪಟೇಲರು ಮುಂದೆ ಬಂದು, "ಎತ್ತಿದ್ದು ನಾನೇ ಕಂಡಿವ್ನಿ. ಏನಪ್ಪ, ಏನ್ ಏಳ್ತೀಯ?" ಎಂದರು.

ಮೈದುನ ಕಾಯಿಗೆ ಒರಗಿ ನೆಲದ ಮೇಲೇ ಕೂತಿದ್ದ. ಏದುಸಿರು ನಿಂತ ಮೇಲೆ ಪಟೇಲರ ಕಡೆ ನೋಡದೆ, ಅತ್ತಿಗೆಯ ಕಡೆ ತಿರುಗಿ ಹೇಳಿದ:

"ಮುಂದಿನ್ ವರ್ಸ ನಿಮ್ ಹೊಲದ್ ಬಳ್ಳಿನ ಬದುವಿನ್ ಕಡೀಕ್ ಬುಡ್‌ಬ್ಯಾಡಿ ಅತ್ಗೆ. ನನ್ ರಾಗಿ ಪೈರಿಗೆ ನೆರಳಾಯ್ತದೆ."